ಜಗಲಿ ಏರಿದ ಫ್ರೆಂಚ್ ಸಿಪಾಯಿ

ಮಸ್ಕಿಯ ಶರಣಮ್ಮನ ಮನೆಯಲ್ಲಿ ಫ್ರೆಂಚ್ ಸಿಪಾಯಿಯೊಬ್ಬ ಇದ್ದಾನೆಂದು ಮೊದಲು ಹೇಳಿದವಳು ಸಿಂಧನೂರಿನ ನಮ್ಮ ಆಫೀಸಿನ ಶಮೀಮ್. ಹಳೇ ಕಾಲದ ಫ್ರೆಂಚ್ ಸೈನಿಕರ ಬಣ್ಣ ಬಳಿದ ಲೋಹದ ಗೊಂಬೆಗಳನ್ನು ಕೂಡಿಸುವುದು ನನ್ನ ಹುಚ್ಚು. ನನ್ನ ಸಾಲಿನಲ್ಲಿ ಡೋಲು ಬಾರಿಸುವವನೊಬ್ಬನೇ ಇರಲಿಲ್ಲ. ಲಿಂಗಸುಗೂರಿಗೆ ಕೆಲಸಕ್ಕೆಂದು ಹೊರಟವಳು ಮಸ್ಕಿಯಲ್ಲೇ ಬಸ್ಸಿಳಿದೆ.

ಅವನು ದೇವರ ಜಗಲಿಯ ಮೇಲಿದ್ದ. ಸೊಂಟಕ್ಕೆ ಡೋಲು, ಹಣೆಗೆ ವಿಭೂತಿ, ಮುಂದೆ ಹೋಳಿಗೆಯ ಎಡೆ.

"ತೀರಿಕೊಂಡ ಹಿರೇರ ಮೂರ್ತಿ ಮಾಡಿಸಿ ಜಗಲಿ ಮ್ಯಾಲೆ ಇಡೋದು ನಮ್ಮ ಪದ್ಧತಿರೀ," ಅಂದಳು ಶರಣಮ್ಮ. "ಇದನ್ನ ನಮ್ಮ ಮನಿಯವ್ರು ಹೈದರಾಬಾದಿನ ಗುಜರಿ ಅಂಗಡ್ಯಾಗ ತಂದ್ರು. ಮೀಸಿ ನೋಡ್ರಿ, ಥೇಟ್ ನಮ್ಮ ಮಾವನೋರು. ಮತ್ತ್ಯಾಕ ಬ್ಯಾರೆ ಮಾಡಿಸ್ಬೇಕು?"

"ನನಗ ಕೊಡ್ರೀ ಅಕ್ಕಾ, ನಿಮಗ ಬೆಳ್ಳೀದು ಮಾಡಿಸಿಕೊಡ್ತೀನಿ."

"ಬೆಳ್ಳಿ ಆಸೆಕ್ಕ ಮಾವನ್ನ ಕೊಟ್ಟ ಸೊಸಿನ್ನ ಎಲ್ಲ್ಯರ ನೋಡೀರೇನ್ರಿ?" ಎಂದು ನಕ್ಕು, ನನಗೂ ಒಂದು ಹೋಳಿಗೆ ಕೊಟ್ಟಳು.

ನನ್ನ ಕಪಾಟಿನ ಸಿಪಾಯಿಗಳಿಗೆ ಬರೀ ಧೂಳು. ಅವನಿಗೆ ತುಪ್ಪ ಹಾಕಿದ ಹೋಳಿಗೆ. ಲಿಂಗಸುಗೂರು ಬರುವತನಕ ಹೊಟ್ಟೆ ಉರಿಯುತ್ತಲೇ ಇತ್ತು.

ನೀವು ಮಸ್ಕಿ ಕಡೆ ಹೋದರೆ ಶರಣಮ್ಮನಿಗೆ ಒಂದು ಮಾತು ಮುಟ್ಟಿಸಿ: ದಿನಾ ವಿಭೂತಿ ಹಚ್ಚಿ ತಿಕ್ಕಿದರೆ ಬಣ್ಣ ಹಾಳಾಗುತ್ತದೆ. ನಾನೇ ಹೇಳಿದರೆ ಹೊಟ್ಟೆಕಿಚ್ಚು ಅಂದುಕೊಂಡಾಳು.