ನಿಂತುಹೋದ ಲಿಫ್ಟಿನ ಹೆಸರಲ್ಲಿ

ಎಲಿಯೋದೊರೊ ದುಡಿದದ್ದೆಲ್ಲ ಕುರ್ಚಿಯಲ್ಲಿ ಕೂತೇ. ವಾಲ್ಪರೈಸೋ ಊರಿನ ಬಂದರಿನ ಹಿಂದಿನ ಬೀದಿಯಲ್ಲಿ ಫೋನ್ ಕಂಪನಿಯ ಕಚೇರಿ. ಅಲ್ಲಿ ಪರದೆಯ ಮುಂದೆ ಕೂತು ಊರ ಜನರ ಫೋನುಗಳನ್ನು ಕಾಯುವುದು ಅವನ ಕೆಲಸ. ಹೆಸರಿಲ್ಲ, ಮುಖವಿಲ್ಲ, ಬರೀ ಚುಕ್ಕಿಗಳು. ಮನೆಯ ವೈಫೈ ಹಿಡಿದಿದ್ದರೆ ನೀಲಿ. ಬೀದಿಗಿಳಿದು ಟವರ್ ಹಿಡಿದರೆ ಹಸಿರು. ಒಂದನ್ನು ಬಿಟ್ಟು ಇನ್ನೊಂದು ಸಿಗದೆ ನಡುವೆ ಬಿದ್ದರೆ ಕೆಂಪು. ಕೆಂಪು ಕಂಡರೆ ಕಾರಣ ಬರೆಯಬೇಕು.

ಅವನು ಮೊಲ್ಯೆಸ್ ಗುಡ್ಡದ ಮೇಲಿನವನು. ಗುಡ್ಡಕ್ಕೊಂದು ಹಳೆಯ ಲಿಫ್ಟು ಇತ್ತು. ಹಳಿಯ ಮೇಲೆ ಉಕ್ಕಿನ ಹಗ್ಗ ಎಳೆಯುವ ತಗಡಿನ ಪೆಟ್ಟಿಗೆ. ಅದರೊಳಗೆ ಹೊಕ್ಕರೆ ಎಲ್ಲರ ಫೋನುಗಳೂ ಒಟ್ಟಿಗೆ ಸಾಯುತ್ತಿದ್ದವು. ಅದಕ್ಕೇ ಕಚೇರಿಯಲ್ಲಿ ಒಂದು ರೂಢಿ ಬಿದ್ದಿತ್ತು. ಗುಡ್ಡದ ಪಕ್ಕೆಯಲ್ಲಿ ಕೆಂಪು ಕಂಡರೆ ‘ಲಿಫ್ಟು’ ಎಂದು ಬರೆದು ಒರೆಸಿಬಿಡುವುದು. ಯಾರೂ ಕೇಳುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಎರಡು ಸಂಗತಿ ನಡೆದವು. ಯಾವ ಫೋನನ್ನು ಯಾವ ಟವರಿಗೆ ದಾಟಿಸಬೇಕೆಂಬ ಟವರುಗಳ ಬುದ್ಧಿಯನ್ನೆಲ್ಲ ಕಂಪನಿ ಕಿತ್ತುಕೊಂಡು ರಾಜಧಾನಿ ಸಾಂತಿಯಾಗೋದ ದೊಡ್ಡ ಕಂಪ್ಯೂಟರುಗಳೊಳಗೆ ಇಟ್ಟಿತು. ಗುಡ್ಡದಲ್ಲಿ ಉಳಿದದ್ದು ಕಂಬ ಮಾತ್ರ. ಇನ್ನೊಂದು, ಲಿಫ್ಟು ಕೆಟ್ಟು ನಿಂತಿತು. ಬಾಗಿಲಿಗೆ ಸರಪಳಿ ಬಿತ್ತು. ಎಲಿಯೋದೊರೊ ದಿನವೂ ಸಂಜೆ ಆ ಸರಪಳಿಯ ಮುಂದೆಯೇ ಹಾದು, ನಗರಸಭೆಗೆ ಬೈಯುತ್ತಾ ಹಳಿಯ ಪಕ್ಕದ ಮೆಟ್ಟಿಲು ಹತ್ತುತ್ತಿದ್ದ. ಬೆಳಿಗ್ಗೆ ಹೋಗಿ ಕುರ್ಚಿಯಲ್ಲಿ ಕೂತು ‘ಲಿಫ್ಟು’ ಎಂದೇ ಬರೆಯುತ್ತಿದ್ದ.

ಪಕ್ಕದ ಮನೆಯ ಓದಿಲಿಯಾ ಒಂದು ಸಂಜೆ ಚಹಾಕ್ಕೆ ಬಂದಳು. ವಯಸ್ಸಾದವಳು, ಕೆಳಗಿನ ಮಾರುಕಟ್ಟೆಯಲ್ಲಿ ಮೀನು ಹೆಚ್ಚುವವಳು. ಎಲಿಯೋದೊರೊನ ಹೆಂಡತಿ ನೊಎಮಿ ಬ್ರೆಡ್ಡಿಗೆ ಬೆಣ್ಣೆಹಣ್ಣು ಅರೆದು ಹಚ್ಚಿ ಕೊಟ್ಟಳು.

“ತಂಗಿ ಹೇಗಿದ್ದಾಳೆ?” ಎಂದಳು ನೊಎಮಿ.

“ಯಾವ ತಂಗಿ? ನಂಗೆ ತಂಗಿ ಇಲ್ಲ.”

“ಹಾಗನ್ನಬೇಡಿ. ಆ ದೂರದ ಆಂತೋಫಗಾಸ್ತಾ ಊರಿನ ಮಿರ್ತಾ.”

“ಅವಳ ಗಂಡನ ಮಣ್ಣಿಗೆ ನಾನು ಹೋಗ್ಲಿಲ್ಲ. ತಪ್ಪು ನಂದೇ. ಮನೆ ತುಂಬ ಮೊಮ್ಮಕ್ಕಳ ಗಲಾಟೆ ಅಂತ ಮೆಟ್ಲು ಹತ್ತೋವಾಗ ಫೋನ್ ಮಾಡ್ತಿದ್ದೆ. ಊರ ಸುದ್ದಿ ಎಲ್ಲ ಮಾತಾಡ್ತಾಳೆ. ಆ ಮುದಿ ನಾಯಿ ಮಲಗುತ್ತಲ್ಲ, ಆ ತಿರುವಲ್ಲಿ ಉಸಿರು ತಗೊಂಡು ‘ನಾನು ಬರದೇ ಇದ್ದಿದ್ದು ಯಾಕಂದ್ರೆ’ ಅಂತೀನಿ, ಫೋನ್ ಕಟ್ ಮಾಡಿಬಿಡ್ತಾಳೆ. ಪ್ರತಿ ಸಲ ಹಂಗೇ. ಕೊನೆಗೆ ಅವಳು ಎತ್ತೋದನ್ನೇ ಬಿಟ್ಲು. ಅಕ್ಕನ ಮುಖಕ್ಕೆ ಹಾಕಿದ ಬಾಗಿಲನ್ನ ಇನ್ನೆಷ್ಟು ಸಲ ಬಡೀಲಿ?”

ಎಲಿಯೋದೊರೊ ಕಚ್ಚಿದ ಬ್ರೆಡ್ಡನ್ನು ತಟ್ಟೆಗೆ ಇಟ್ಟ. ಆ ತಿರುವು ಅವನಿಗೆ ಗೊತ್ತು. ಆ ಕೆಂಪು ಚುಕ್ಕಿಯೂ ಗೊತ್ತು.

ಮರುದಿನ ಸಾಂತಿಯಾಗೋದ ಕಚೇರಿಗೆ ಫೋನ್ ಮಾಡಿದಾಗ ಕಾರಣ ಸಿಕ್ಕಿತು. ಬುದ್ಧಿ ಎತ್ತಿ ಇಡುವಾಗ ಮೇಲಿನ ಟವರಿಗೆ ಕೆಳಗಿನ ಟವರಿನ ಗುರುತನ್ನೇ ಹೇಳಿಕೊಟ್ಟಿರಲಿಲ್ಲ. ತಿರುವಿಗೆ ಬಂದ ಫೋನನ್ನು ಕೆಳಗಿನದು ಕೈಬಿಡುತ್ತಿತ್ತು, ಮೇಲಿನದು ಕೈ ಚಾಚುತ್ತಿರಲಿಲ್ಲ. ಅಲ್ಲಿನವರು ಮಾತಾಡುತ್ತಲೇ ಸರಿಮಾಡಿದರು. ಮಾಡಿ ನಕ್ಕರು.

“ಎಲಿಯೋದೊರೊ ಸಾರ್, ಲಿಫ್ಟು ಬೇಸಿಗೆಯಿಂದ ನಿಂತಿದೆ ಅಂತೀರ. ಮತ್ತೆ ದಿನಾ ಲಿಫ್ಟು ಅಂತ ಬರ್ದಿದೀರಲ್ಲ, ಅದ್ರಲ್ಲಿ ಯಾರು ಹೋಗ್ತಿದ್ರು, ದೆವ್ವಗಳಾ?”

ಪಕ್ಕದ ಕುರ್ಚಿಯವರೂ ನಕ್ಕರು. ಅವರೂ ಅದನ್ನೇ ಬರೆದಿದ್ದರು. ಆದರೆ ಅವರು ಆ ಗುಡ್ಡದವರಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ. “ಈಗ ಸರಿಹೋಯ್ತು ಬಿಡು.”

“ಓದಿಲಿಯಾ ಫೋನ್ ಮಾಡೋದೇ ಬಿಟ್ಟಿದ್ದಾರೆ. ಸರಿಹೋಗಿದ್ದು ಯಾರಿಗೆ?” ಎಂದಳು ನೊಎಮಿ. ಅವನ ಮುಂದಿನ ತಟ್ಟೆ ಎತ್ತಿಕೊಂಡು ಹೋದಳು.

ಅವನು ಮೆಟ್ಟಿಲಿಳಿದು ನಾಯಿಯ ತಿರುವಿನಲ್ಲಿ ನಿಂತ. ಓದಿಲಿಯಾ ಮೀನಿನ ಚೀಲ ಹಿಡಿದು ಹತ್ತಿಬಂದಳು.

“ಓದಿಲಿಯಾ ಅಮ್ಮ, ಫೋನ್ ಕಟ್ ಮಾಡಿದ್ದು ನಿಮ್ಮ ತಂಗಿ ಅಲ್ಲ. ಅದು ಇಲ್ಲೇ ಬಿದ್ದುಹೋಗ್ತಿತ್ತು. ನನ್ ಕಣ್ಮುಂದೇನೇ. ನಾನು ಲಿಫ್ಟು ಅಂತ ಬರ್ದು ಒರೆಸಿಹಾಕ್ದೆ.”

ಅವಳು ಚೀಲ ಕೆಳಗಿಟ್ಟಳು. ಕೆಳಗೆ ಸರಪಳಿ ಬಿದ್ದ ಬಾಗಿಲು ನೋಡಿದಳು, ಅವನನ್ನು ನೋಡಿದಳು.

“ಯಾವ ಲಿಫ್ಟು?”

ಅವನು ಆ ಸರಪಳಿಯ ಕಡೆಗೇ ಕೈ ತೋರಿಸಿದ.

“ದಿನಾ ನನ್ನ ಹಿಂದೇನೇ ಏದುಸಿರು ಬಿಟ್ಕೊಂಡು ಹತ್ತುತ್ತಿದ್ಯಲ್ಲೋ! ಹಂಗಾದ್ರೆ ಮಿರ್ತಾನೂ ನಾನೇ ಕಟ್ ಮಾಡ್ದೆ ಅಂದ್ಕೊಂಡಿರ್ತಾಳೆ. ಗಂಡ ಸತ್ತೋಳು. ಮಾತು ಅಲ್ಲಿಗೆ ಬಂದ ಕೂಡ್ಲೇ ಅಕ್ಕ ಫೋನ್ ಇಡ್ತಾಳೆ ಅಂತ...” ಅವನ ಮುಂದೆ ಕೈ ಚಾಚಿದಳು. “ನಿನ್ ಫೋನ್ ಕೊಡು. ನನ್ ನಂಬರಾದ್ರೆ ಅವಳು ಎತ್ತಲ್ಲ.”

ನಂಬರು ಒತ್ತಿ ಫೋನು ಅವನ ಕಿವಿಗೇ ಹಿಡಿದಳು. “ಇಲ್ಲೇ ನಿಂತ್ಕೊಂಡು ನೀನೇ ಹೇಳು.”

ಅತ್ತ ಮಿರ್ತಾ ಎತ್ತಿದಳು. ಅವನು ತಾನು ಯಾರೆಂದು ಹೇಳಿದ. ಎಲ್ಲವನ್ನೂ ಹೇಳಿದ. ನಾಯಿ ಎದ್ದು ಬೇರೆ ಮೆಟ್ಟಿಲಿಗೆ ಹೋಗಿ ಮಲಗಿತು. ಆಮೇಲೆ ಮಿರ್ತಾ ಕೇಳಿದಳು:

“ನೋಡೋದೇ ನಿಮ್ ಕೆಲಸ ಅಂದ್ರಲ್ಲ. ಏನು ನೋಡ್ತಿದ್ರಿ?”

ಅವನಿಗೆ ಈ ಕರೆ ಈಗಲಾದರೂ ಕಡಿದುಹೋಗಬಾರದೇ ಅನಿಸಿತು. ಕಡಿಯಲಿಲ್ಲ. ಅವಳ ಉಸಿರೂ ಕೇಳುವಷ್ಟು ಚೊಕ್ಕವಾಗಿತ್ತು. ಓದಿಲಿಯಾ ಅವನ ಕೈಯಿಂದ ಫೋನು ಕಿತ್ತುಕೊಂಡು, “ಮಿರ್ತಾ, ನಾನು ಬರದೇ ಇದ್ದಿದ್ದು ಯಾಕಂದ್ರೆ” ಎಂದಳು. ಎಲಿಯೋದೊರೊ ಅವಳ ಮೀನಿನ ಚೀಲ ಎತ್ತಿಕೊಂಡ. ಮಾತು ಕಿವಿಗೆ ಬೀಳದಷ್ಟು ಮೇಲೆ ಹೋಗಿ, ಬೆನ್ನು ತಿರುಗಿಸಿ ನಿಂತ.