ಚೀಟಿಯ ಮೇಲಿನ ಪ್ರಶ್ನೆ

ಮೊರಬದ ಹತ್ತಿರದ ಸಣ್ಣ ಆಸ್ಪತ್ರೆಯೊಂದರಲ್ಲಿ ನಾನು ಔಷಧ ಕೊಡುತ್ತಿದ್ದೆ. ಅಲ್ಲಿನ ಡಾಕ್ಟರ್ ಮೇಡಂ ಅನುಮಾನ ಬಂದರೆ ಮೊದಲು ಪ್ರಶ್ನೆಯನ್ನು ಚೀಟಿಯ ಮೇಲೆ ಬರೆದು, ಆಮೇಲೆ ಮೊಬೈಲಿನಲ್ಲಿ ಸಂಶೋಧನಾ ಲೇಖನಗಳನ್ನು ಹುಡುಕುತ್ತಿದ್ದರು. ನಾನು ಹೊಸ ಔಷಧವೊಂದನ್ನು ಹೊಗಳಿದರೆ, ಪೆನ್ನಿನ ಮುಚ್ಚಳ ಕಚ್ಚುತ್ತ, ‘ಯಾರ ಮ್ಯಾಲೆ ಪ್ರಯೋಗ ಮಾಡಿ ನೋಡ್ಯಾರ್ರಿ ಅದನ್ನ?’ ಎನ್ನುತ್ತಿದ್ದರು.

ಒಂದು ದಿನ ಅವರ ತಾಯಿಯ ಹೃದಯದ ಆಪರೇಷನ್ನಿಗೆ ಒಪ್ಪಿಗೆಯೋ ಇಲ್ಲವೋ ಎಂದು ಸಂಜೆಯೊಳಗೆ ದೊಡ್ಡ ಆಸ್ಪತ್ರೆಗೆ ಹೇಳಬೇಕಿತ್ತು. ಮೇಡಂ ಎಂದಿನಂತೆ ಚೀಟಿ ಬರೆದರು: ‘ಎಂಬತ್ತು ದಾಟಿದ, ಕಿಡ್ನಿ ಸೋತ ಹೆಂಗಸು. ಆಪರೇಷನ್ನೋ, ಬರೀ ಗುಳಿಗೆಯೋ?’

ಮೊಬೈಲಿನಲ್ಲಿ ಹುಡುಕಿದರು, ಹಾಕಿದ ಪದಗಳನ್ನು ಅಳಿಸಿದರು, ಮತ್ತೆ ಹುಡುಕಿದರು. ಹೊರಗೆ ರೋಗಿಗಳು ಕಾಯುತ್ತಿದ್ದರು. ನಾಲ್ಕು ಗಂಟೆಯ ಹೊತ್ತಿಗೆ ಚೀಟಿಯನ್ನೂ ಮೊಬೈಲನ್ನೂ ನನ್ನ ಮುಂದೆ ಸರಿಸಿದರು.

‘ನೀವು ಹುಡುಕ್ರಿ. ನಾ ಹುಡುಕಿದ್ರ, ಅವ್ವ ಉಳೀತಾಳ ಅನ್ನೂ ಲೇಖನ ಅಷ್ಟ ಕಣ್ಣಿಗೆ ಬೀಳತಾವ.’