ಸೋದರತ್ತಿಯ ಬೆನ್ನು

ಕೂಸಿನ ಹೆಸರಿಡೂ ದಿನ ನನ್ನ ಬೆನ್ನಿಗೆ ಗುದ್ದಬೇಕಂತ ನನ್ನ ತಮ್ಮನ ಮಗಳು, ನಮ್ಮ ಸಣ್ಣಾಕಿ, ವಾರಗಟ್ಟಲೆ ತಯಾರಿ ನಡೆಸಿದ್ಲು. ದಿಂಬಿಗೆ ಗುದ್ದೂದು, ಗಾದಿಗೆ ಗುದ್ದೂದು, ಅವರಪ್ಪ ಕುಂತು ಪೇಪರ್ ಓದಾಕತ್ತಿದ್ರ ಹಿಂದಿನಿಂದ ಬಂದು ಅವನಿಗೂ ಒಂದು ಹಾಕಿ ನೋಡೂದು. ಮ್ಯಾಲ, "ಅತ್ತಿ, ನಿನಗ ಭಾಳ ನೋವು ಆಗ್ತೈತಿ ನೋಡು" ಅಂತ ನನಗ ಎಚ್ಚರಿಕಿ ಬ್ಯಾರೆ.

ನಮ್ಮ ಕಡೆ ಪದ್ಧತಿ ಹಂಗ ಐತ್ರಿ. ಕೂಸಿಗೆ ಹೆಸರಿಡೂ ಮುಂದ ಸೋದರತ್ತಿ, ಅಂದ್ರ ಕೂಸಿನ ಅಪ್ಪನ ಅಕ್ಕನೋ ತಂಗಿನೋ, ತೊಟ್ಟಿಲದ ಮ್ಯಾಲ ಬಗ್ಗಿ ಅದರ ಕಿವ್ಯಾಗ 'ಕುರ್ರ್' ಅಂದು ಹೆಸರು ಹೇಳಬೇಕು. ಹೇಳಿ ಮುಗೀತೋ ಇಲ್ಲೋ, ಸುತ್ತ ನಿಂತ ಹೆಣಮಕ್ಕಳೆಲ್ಲಾ ಅಕಿ ಬೆನ್ನಿಗೆ ಧಬಾ ಧಬಾ ಗುದ್ದತಾರ. ಯಾಕ ಅಂತ ಕೇಳಿದ್ರ ಯಾರಿಗೂ ಗೊತ್ತಿಲ್ಲ. ಹೆಸರು ಹೇಳೂ ಅಧಿಕಾರ ಪುಕ್ಕಟ ಸಿಗಬಾರದು ಅಂತಿರಬೇಕು.

ಆಗ ನಾವಿದ್ದದ್ದು ಹೈದರಾಬಾದಿನ ಕಾಚಿಗೂಡದಾಗ, ಸ್ಟೇಷನ್ನಿನ ಹಿಂದಿನ ಓಣ್ಯಾಗ, ಬಾಡಿಗಿ ಮನ್ಯಾಗ. ನನ್ನ ತಮ್ಮಗ ಸಾಫ್ಟ್‌ವೇರ್ ಕಂಪನ್ಯಾಗ ಕೆಲಸ. ನಾನು ಅಮೀರ್‌ಪೇಟ್‌ದಾಗ ಒಂದು ಕಂಪ್ಯೂಟರ್ ಕೋಚಿಂಗ್ ಸೆಂಟರಿನ ಮುಂದಿನ ಕೌಂಟರಿಗೆ ಕೂಡತಿದ್ದೆ. ಎಂಥಾ ಕಾಲ ಅಂತೀರಿ ಅದು! ಅಮೀರ್‌ಪೇಟ್‌ದಾಗ ಗ್ವಾಡಿನ ಕಾಣ್ತಿರಲಿಲ್ಲ, ಬರೇ ಕೋರ್ಸಿನ ಬೋರ್ಡು. ಹಳ್ಳಿ ಹಳ್ಳಿಯಿಂದ ಹುಡುಗ್ರು ಸೂಟ್‌ಕೇಸ್ ಹಿಡಕೊಂಡು ಸೀದಾ ನನ್ನ ಮುಂದ ಬಂದು ನಿಂತು, "ಮೇಡಂ, ಯಾವ ಕೋರ್ಸ್ ಮಾಡಿದ್ರ ಲಗೂನ ಅಮೆರಿಕಾ?" ಅಂತ ತೆಲುಗಿನ್ಯಾಗ ಕೇಳೋರು, ಸಿಟಿ ಬಸ್ಸಿನ ಟಿಕೀಟು ಕೇಳಿದಂಗ. ನನ್ನ ಲಗ್ನದ ಸುದ್ದಿ ಕೇಳಬ್ಯಾಡ್ರಿ. ಆಗಿಲ್ಲ, ಆರಾಮ ಇದ್ದೆ.

ಆರಾಮ ಇದ್ದದ್ದು ಆ ಎರಡು ಹುಡುಗ್ಯಾರಿಂದ. ತಮ್ಮನ ಮಕ್ಕಳು. ದೊಡ್ಡಾಕಿ ಹುಟ್ಟಾ ವಕೀಲಿ. ಯಾವ ಮಾತು ಹೇಳ್ರಿ, 'ಯಾಕ' ಅನ್ನದ ಬಿಡಾಕಿ ಅಲ್ಲ. ಹಾಲಿನ ಪಾಕೀಟು ಬಂದ್ರ ಮೊದಲು ತಾರೀಖು ಓದಿ ಆಮ್ಯಾಲ ಅವರವ್ವನ ಕೈಯಾಗ ಕೊಡಾಕಿ. "ಈಗ ಬಂದೆ ತಡಿ" ಅಂದ್ರ ಗಡಿಯಾರದ ಮುಂದ ಹೋಗಿ ನಿಲ್ಲಾಕಿ. ಸಣ್ಣಾಕಿಗೆ ನಾಚಿಕಿ ಅನ್ನೂದ ಇರಲಿಲ್ಲ. ಕಾಯಿಪಲ್ಲೆದವರ ಕೂಡ ತೆಲುಗು, ಆಟೋದವರ ಕೂಡ ಹಿಂದಿ, ನಮ್ಮ ಕೂಡ ಕನ್ನಡ, ಸಿಟ್ಟು ಬಂದ್ರ ಮೂರೂ ಕೂಡೇ. ಒಮ್ಮೆ ಆಟೋದವ ಜೋರಾಗಿ ಹೊಂಟಾಗ ಎದ್ದು ನಿಂತು, "ಭಯ್ಯಾ, ಮೆಲ್ಲಗಾ ಪೋನಿ! ಹಮಾರಿ ಅತ್ತಿ ಬೀಳ್ತಾಳ!" ಅಂತ ಒದರಿದ್ಲು. ಆ ಆಟೋದವ ನಕ್ಕೋತ ಸಿಗ್ನಲ್ ದಾಟೂದ ಮರತ.

ಸಂಜಿಕೆ ನಾ ಮೆಟ್ಟಲ ಹತ್ತೂ ಸಪ್ಪಳ ಕೇಳಿದ್ದ ತಡ, ಸಣ್ಣಾಕಿ ಓಡಿ ಬಂದು ಕಾಲಿಗೆ ಜೋತು ಬೀಳಾಕಿ. ದೊಡ್ಡಾಕಿ ಬಾಗಿಲದಾಗ ನಿಂತು, "ಇವತ್ತ್ಯಾಕ ತಡ?" ಅನ್ನಾಕಿ. ಒಬ್ಬಾಕಿ ಪ್ರೀತಿ ಅಪ್ಪಿಕೊಳ್ಳೂದು, ಇನ್ನೊಬ್ಬಾಕಿ ಪ್ರೀತಿ ವಿಚಾರಣಿ. ಎರಡೂ ಆಗದ ನನಗ ಚಾ ಗಂಟಲದಾಗ ಇಳೀತಿರಲಿಲ್ಲ.

ಅಂಥಾದ್ರಾಗ ಮೂರನೇದೂ ಹೆಣ್ಣು ಹುಟ್ಟಿತು. ಏನು ಚಂದ ಇತ್ತ್ರೀ ಕೂಸು! ತಲಿ ತುಂಬ ಕೂದಲಾ, ಮುಷ್ಟಿ ಬಿಗಿ ಹಿಡಕೊಂಡು ಯಾರ ಮ್ಯಾಲೋ ಸಿಟ್ಟಿಗೆದ್ದಂಗ ಮಾರಿ. ದವಾಖಾನಿಂದ ಮನಿಗೆ ಕರಕೊಂಡು ಬಂದ ದಿನ ಕೆಳಗಿನ ಮನಿಯಾಕಿ ಮೆಟ್ಟಲದಾಗ ಹಣಿಕಿ ಹಾಕಿ, "ಅಯ್ಯೋ, ಮಳ್ಳಿ ಆಡಪಿಲ್ಲೇನಾ?" ಅಂದ್ಲು, ಮತ್ತ ಹೆಣ್ಣೇನು ಅಂತ. ನಮ್ಮ ಸಣ್ಣಾಕಿ ಸೊಂಟದ ಮ್ಯಾಲ ಕೈ ಇಟ್ಟು, "ಆಡಪಿಲ್ಲೇ! ನಾದಿ!" ಅಂದ್ಲು. ಹೆಣ್ಣೇ, ನಂದು! ಅಂದು ನಮಗಿಂತಾ ಮೊದಲು ಮ್ಯಾಲೇರಿ ಬಾಗಿಲಾ ತಗದ್ಲು.

ಬಾಣಂತನ ಮಾಡಾಕ ಊರಿಂದ ನಮ್ಮ ಅವ್ವ ರೈಲಿಗೆ ಬಂದ್ಲು. ಹುಡುಗ್ಯಾರು ಅಕೀಗೆ ಆಯಿ ಅಂತಿದ್ರು. ತುಪ್ಪದ ಡಬ್ಬಿ, ಅಂಟಿನ ಉಂಡಿ, ಕೂಸಿಗೆ ಹೊಸಾ ಕೌದಿ, ಎಲ್ಲಾ ಹೊತಗೊಂಡು ಬಂದಿದ್ಲು. ಕೂಸಿಗೆ ಎಣ್ಣಿ ಹಚ್ಚಿ ಎರಿಯೂದ್ರಾಗ ಅಕಿ ಕೈ ಹಿಡಿಯೋರಿಲ್ಲ. ಪ್ರೀತಿ ಇರಲಿಲ್ಲಂತಲ್ಲ, ಬೇಕಾದಷ್ಟಿತ್ತು. ಆದ್ರ ಒಂದು ದಿನ ಊಟಕ್ಕ ಕುಂತಾಗ, ಭಕ್ರಿ ಮುರಕೋತ, ಕೂಸಿಗೆ ಏನು ಹೆಸರಿಡಬೇಕು ಅಂತ ಹೇಳಿಬಿಟ್ಟಳು.

ಆ ಹೆಸರು ನಾ ಇಲ್ಲಿ ಬರಿಯೂದಿಲ್ಲ. ನಮ್ಮ ಕಡೆಯವರಿಗೆ ಗೊತ್ತ ಇರ್ತೈತಿ. ಸಾಲಾಗಿ ಹೆಣ್ಣು ಹುಟ್ಟಿದ್ರ ಕಡೀ ಹುಡುಗಿಗೆ ಒಂದು ಹೆಸರು ಇಡತಾರ, ಇನ್ನ ಹೆಣ್ಣು ಸಾಕು ಅಂತ ದೇವರಿಗೆ ತಿಳಿಸೂ ಹೆಸರು. ಇಟ್ರ ಮುಂದಿಂದು ಗಂಡು ಆಗ್ತೈತಿ ಅಂತ ನಂಬಿಕಿ.

"ಸುಳ್ಳಲ್ಲಪಾ," ಅಂದ್ಲು ಅವ್ವ ನನ್ನ ತಮ್ಮಗ. ಬೆರಳು ನನ್ನ ಕಡೆ ತೋರ್ಸಿದ್ಲು. "ಇಕೀಗೆ ಇಟ್ಟಿವಿ, ಹಿಂದ ನೀ ಹುಟ್ಟಿದಿ."

ಹೌದ್ರಿ. ಅದು ನನ್ನ ಹೆಸರು. ನಾ ನಾಕನೇ ಹೆಣ್ಣು, ನನ್ನ ಬೆನ್ನಿಗೆ ಬಿದ್ದಾವ ನಮ್ಮ ತಮ್ಮ. ಸಾಲ್ಯಾಗ ಮಾಸ್ತರು ಹಾಜರಿ ಕೂಗುವಾಗ ಆ ಹೆಸರಿಗೆ ಬಂದ ಕೂಡಲೆ ಹಿಂದಿನ ಬೆಂಚು ಕಿಸಿಕ್ಕಂತ ನಗೂದು. ಹೈದರಾಬಾದಿಗೆ ಬಂದ ಮ್ಯಾಲ ಅಡ್ಡಹೆಸರಿನ ಮುಂದ ಒಂದು ಇಂಗ್ಲಿಷ್ ಅಕ್ಷರ ಇಟಗೊಂಡು ಕುಂತಿದ್ದೆ. ಆಫೀಸಿನ್ಯಾಗ ಮೇಡಂ, ತಮ್ಮಗ ಅಕ್ಕ, ತಮ್ಮನ ಹೆಂಡತಿಗೆ ಅಕ್ಕಾರ, ಹುಡುಗ್ಯಾರಿಗೆ ಅತ್ತಿ. ಅವ್ವನೂ ನನ್ನ ಆ ಹೆಸರಿಲೆ ಕರದದ್ದು ನನಗ ನೆನಪಿಲ್ಲ, 'ತಂಗೀ' ಅಂತನ ಕರಿಯಾಕಿ. ಅದು ಯಾಕ ಅಂತ ನಾ ಎಂದೂ ವಿಚಾರ ಮಾಡಿರಲಿಲ್ಲ.

ಅವತ್ತು ಊಟದಾಗ ನಮ್ಮ ತಮ್ಮ, ಕಂಪನ್ಯಾಗ ದೊಡ್ಡ ದೊಡ್ಡವರ ಮುಂದ ಇಂಗ್ಲಿಷ್ ಮಾತಾಡಾವ, ಅವ್ವನ ಮುಂದ ಸಾರಿನ್ಯಾಗ ಬ್ಯಾಳಿ ಹುಡುಕ್ಕೋತ ಕುಂತ. ನನಗ ಮೈಯೆಲ್ಲಾ ಉರೀತು. ಒಳಗ ಬಾಣಂತಿ ಹಂತ್ಯಾಕ ಹೋದ್ರ, ಅಕಿ ಕೂಸಿನ್ನ ಎದಿಗವಚಿಕೊಂಡು, "ಅಕ್ಕಾರ, ಏನರ ಮಾಡ್ರಿ" ಅಂದ್ಲು. ಅಷ್ಟ ಅಂದದ್ದು. ಕಣ್ಣಾಗ ನೀರು ತುಂಬಿತ್ತು.

ಮರುದಿನ ಸಾಲಿ ಅರ್ಧ ದಿನ ಇತ್ತು, ಹುಡುಗ್ಯಾರನ್ನ ನನ್ನ ಕೂಡ ಅಮೀರ್‌ಪೇಟ್‌ಗೆ ಕರಕೊಂಡು ಹೋದೆ. ಕೆಲಸ ಮುಗಿಸಿ ಬಸ್ ಸ್ಟಾಪಿನ ಬಾಜೂಕ ಕಬ್ಬಿನ ಹಾಲು ಕುಡಿಸಾಕತ್ತಿದ್ದೆ. ದೊಡ್ಡಾಕಿ ಗ್ಲಾಸು ಕೆಳಗಿಟ್ಟು ಕೇಳಿದ್ಲು, "ಅತ್ತಿ, ಆಯಿ ಹೇಳಿದ್ಲಲ್ಲ, ಆ ಹೆಸರು ಖರೇನ ನಿಂದಾ?"

"ಹೌದವ್ವಾ."

"ಅಂದ್ರ ಅದರ ಅರ್ಥ ಇನ್ನ ಹೆಣ್ಣು ಸಾಕು ಅಂತನಾ?"

"ಹೂಂ, ಹಂಗ."

ಸಣ್ಣಾಕಿ ತುಟಿ ಮ್ಯಾಲೆಲ್ಲಾ ಕಬ್ಬಿನ ನೊರಿದು ಮೀಸಿ ಮಾಡ್ಕೊಂಡು ನನ್ನ ಮಾರಿ ನೋಡಿದ್ಲು. ಆಮ್ಯಾಲ ಹುಬ್ಬು ಗಂಟು ಹಾಕಿ, "ಯಾರಿಗೆ ಸಾಕಾಗಿತ್ತು? ನನಗಂತೂ ಆಗಿಲ್ಲ" ಅಂದ್ಲು.

ನನಗ ಅಂಥಾ ಮಾತು ಜೀವಮಾನದಾಗ ಯಾರೂ ಆಡಿರಲಿಲ್ಲ ನೋಡ್ರಿ. ಆ ಗದ್ದಲದಾಗ, ಆ ಬಸ್ಸಿನ ಹೊಗ್ಯಾಗ, ನೂರು ಮಂದಿ ನಡಬರಕ ಅಳು ಬಂದುಬಿಟ್ಟಿತು. ಕೋಚಿಂಗಿನ ಹುಡುಗ್ರು ಇಬ್ಬರು "ಏಮಯಿಂದಿ ಮೇಡಂ?", ಏನಾತು ಅಂತ ಗಾಬರಿಯಾಗಿ ಕೇಳಿದ್ರು. ಸಣ್ಣಾಕಿ ಅವರಿಗೆ ಕಬ್ಬಿನ ಹಾಲು ಖಾರ ಐತಿ ಅಂತ ಹೇಳಿ ಕಳಿಸಿದ್ಲು.

ದೊಡ್ಡಾಕಿ ಮಾತ್ರ ಅಳೂ ಕೆಲಸಕ್ಕ ಹೋಗಲಿಲ್ಲ. "ಕಿವ್ಯಾಗ ಹೇಳಾಕಿ ಯಾರು? ನೀನ ಅಲ್ಲ?" ಅಂತ ಕೇಳಿದ್ಲು. ಖರೆ. ಇವರಿಬ್ಬರ ಹೆಸರು ಹೇಳಿದಾಕಿ ನಮ್ಮ ದೊಡ್ಡಕ್ಕ. ಈ ಸಲ ಹೆಸರಿಡೂದು ಹೈದರಾಬಾದಿನ್ಯಾಗ, ಇಲ್ಲಿದ್ದ ಸೋದರತ್ತಿ ನಾ ಒಬ್ಬಾಕಿನ. "ಮತ್ತ ನೀ ಬ್ಯಾರೆ ಹೆಸರು ಹೇಳಿಬಿಡು. ಕಿವ್ಯಾಗ ಹೋದದ್ದು ವಾಪಸ್ ತಗಿಯಾಕ ಬರ್ತೈತೇನು?"

ಮನಿ ಮುಟ್ಟೂದ್ರೊಳಗ ಬಸ್ಸಿನ್ಯಾಗ ನಾವು ಮೂರೂ ಮಂದಿ ಕೂಸಿಗೆ ಹೆಸರು ಆರಿಸಿದಿವಿ. ಸಣ್ಣಾಕಿ ಮೊದಲು ಓಣಿ ಬೆಕ್ಕಿನ ಹೆಸರು ಹೇಳಿದ್ಲು, ವಕೀಲಿ ಅದನ್ನ ತಿರಸ್ಕಾರ ಮಾಡಿದ್ಲು. ಕಡೀಕ ಮೂವರಿಗೂ ಒಪ್ಪಿಗಿ ಆದ ಹೆಸರು ಸಿಕ್ತು. ಬಾಣಂತಿಗೆ ಹೇಳಿದಿವಿ, ಅಕಿ ಮಾರಿ ಅರಳ್ತು. ಇನ್ನ ಉಳಿದ ಚಿಂತಿ ಒಂದ, ಸಣ್ಣಾಕಿ ಬಾಯಿ. ಗುಟ್ಟು ಅಂದ್ರ ಅಕೀಗೆ ಬಾಯಾಗಿನ ಪೆಪ್ಪರಮಿಂಟು, ಕರಗೂತನಕ ತಡಕೊಳ್ಳಾಕಿ ಅಲ್ಲ. ಆಯಿ ಎದುರು ಬಂದ್ರ ಎರಡೂ ಕೈಲೆ ಬಾಯಿ ಮುಚ್ಚಿಕೊಂಡು ಓಡಾಕಿ. "ಇದಕ್ಕೇನು ಹಲ್ಲು ನೋವೇನ?" ಅಂತ ಅವ್ವ ಲವಂಗ ಹುಡುಕಿದ್ಲು.

ನಗೂದೇನೋ ನಕ್ಕೆ, ಆದ್ರ ಒಳಗ ನನ್ನ ಜೀವ ಪುಕುಪುಕು ಅಂತಿತ್ತು. ಅವ್ವ ಹಟದಾಕಿ. ನಾಕು ಮಂದಿ ಮುಂದ ಅಕಿ ಮಾತು ಮುರಿದ್ರ, ಗಂಟು ಕಟಗೊಂಡು ಸೀದಾ ಸ್ಟೇಷನ್ನಿಗೆ ನಡಿಯಾಕಿ, ಮತ್ತ ಈ ಮನಿ ಹೊಸ್ತಿಲಾ ತುಳಿಯಾಕಿ ಅಲ್ಲ. ನನಗ ಅವ್ವನೂ ಬೇಕಿತ್ತು. ಕೂಸಿಗೆ ಆ ಹೆಸರು ಮಾತ್ರ ಬ್ಯಾಡಾಗಿತ್ತು.

ಹೆಸರಿಡೂ ಹಿಂದಿನ ದಿನ ಅವ್ವ ಅಡಗಿಮನ್ಯಾಗ ಗುಗ್ಗರಿಗೆ ಕಡಲಿ ನೆನಿ ಹಾಕಾಕತ್ತಿದ್ಲು. ದೊಡ್ಡಾಕಿ ಹೋಗಿ ಎದುರು ಕುಂತು ಕೇಳೂದು ನನ್ನ ಕಿವಿಗೆ ಬಿತ್ತು.

"ಆಯಿ, ಅತ್ತಿಗೆ ಹೆಸರಿಡುವಾಗ ನೀ ಎಲ್ಲಿದ್ದಿ?"

"ಎಲ್ಲಿರ್ತಾರ? ಬಾಣಂತಿ ಕ್ವಾಣ್ಯಾಗ."

"ನಿನ್ನ ಕೇಳಿದ್ರೇನು, ಆ ಹೆಸರು ಇಡ್ಲೇನು ಅಂತ?"

"ಬಾಣಂತಿನ್ನ ಯಾರ ಕೇಳ್ತಾರ ಹುಚ್ಚಿ?"

"ಮತ್ತ ಈಗ ನೀ ನಮ್ಮ ಅವ್ವನ್ನ ಕೇಳಿದೇನು?"

ಕಡಲಿ ಬುಟ್ಟಿ ಬದಿಗೆ ಸರಿಸಿದ ಸಪ್ಪಳಾತು. ಆಮ್ಯಾಲ ಅವ್ವ, "ಎದ್ದು ಹೋಗ ಅತ್ಲಾಗ, ವಕೀಲಿ" ಅಂದ್ಲು. ಬೈದದ್ದೇನೋ ಹೌದು, ಆದ್ರ ದನಿಯಾಗ ಬಿಸಿ ಇರಲಿಲ್ಲ. ಆ ದಿನ ಮತ್ತ ಅಕಿ ಹೆಸರಿನ ಸುದ್ದಿ ತಗಿಲಿಲ್ಲ. ನನಗ ಇನ್ನೂ ಅಂಜಿಕಿ ಆತು.

ಮರುದಿನ ಪಡಸಾಲ್ಯಾಗ ತೊಟ್ಟಿಲಾ, ಅದಕ್ಕ ಚೆಂಡ ಹೂವಿನ ಮಾಲಿ. ಓಣಿ ಹೆಣಮಕ್ಕಳು ಬಂದಿದ್ರು, ಕೆಳಗಿನ ಮನಿಯಾಕಿನೂ. ಅವ್ವ ಜೋಗುಳ ಹಾಡಿದ್ಲು. ತೆಲುಗಿನವರೂ ಜೋ ಜೋ ಅನ್ನೂದಕ್ಕ ದನಿ ಕೂಡ್ಸಿದ್ರು. ಸಣ್ಣಾಕಿ ಲಂಗದ ನಿರಗಿ ಎತ್ತಿ ಕಟಗೊಂಡು ಸರಿಯಾಗಿ ನನ್ನ ಬೆನ್ನ ಹಿಂದ ಜಾಗಾ ಹಿಡಿದಿದ್ಲು.

ನಾ ಬಗ್ಗಿದೆ. ಕೂಸಿನ ಕಡೆಯಿಂದ ಎಣ್ಣಿದು, ಲೋಬಾನದ್ದು ವಾಸನಿ ಬರ್ತಿತ್ತು. ಪಿಳಿಪಿಳಿ ನನ್ನ ನೋಡ್ತು. 'ಕುರ್ರ್' ಅಂದೆ. ನಾವು ಆರಿಸಿದ ಹೆಸರು ಹೇಳಿದೆ. ಆಮ್ಯಾಲ ಎದ್ದು ನಿಂತು ಎಲ್ಲಾರಿಗೂ ಕೇಳೂವಂಗ ಮತ್ತೊಮ್ಮೆ ಹೇಳಿದೆ, ಕಣ್ಣು ಮುಚಗೊಂಡು.

ಧಬ್! ಸಣ್ಣಾಕಿ ಗುದ್ದು ಬಿತ್ತು. ಯವ್ವಾ, ಅದೇನು ಕೈಯೋ ಒನಕಿಯೋ! ಹಿಂದಿಂದ ಓಣ್ಯಾವರೆಲ್ಲಾ ಹಾಕಿದ್ರು, ಬಾಣಂತಿನೂ ಕುಂತಲ್ಲಿಂದ ಕೈ ಚಾಚಿ ಒಂದು ಹಾಕಿದ್ಲು, ನಕ್ಕೋತ. ದೊಡ್ಡಾಕಿ ನ್ಯಾಯದ ಪ್ರಕಾರ ಒಂದ ಒಂದು, ಅಳತಿ ಮಾಡಿ.

ಅವ್ವ ಜೋಗುಳ ನಿಂದ್ರಿಸಿ ಎದ್ಲು. ತಮ್ಮ ಗ್ವಾಡಿಗೆ ಆನಗೊಂಡು ನಿಂತ. ಅವ್ವ ಸೆರಗು ಸೊಂಟಕ್ಕ ಸಿಗಿಸಿಕೊಂಡು ನನ್ನ ಹಿಂದ ಬಂದ್ಲು. ನಾ ಬೆನ್ನು ಬಿಗಿ ಹಿಡಿದೆ. ಅಕಿ ಕೈ ಬಿತ್ತು, ಆದ್ರ ಗುದ್ದಲಿಲ್ಲ. ಹಂಗ ಬೆನ್ನ ಮ್ಯಾಲ ಇಟಗೊಂಡು ನಿಂತ್ಲು. ಎಣ್ಣಿ ಹಚ್ಚಿ ಹಚ್ಚಿ ಮೆತ್ತಗಾದ ಕೈ.

"ನಿಮ್ಮ ಸೋದರತ್ತಿ ನಿನ್ನ ಕಿವ್ಯಾಗ ಆ ಹೆಸರು ಹೇಳಿದ್ದು ನಾ ಕ್ವಾಣ್ಯಾಗ ಕುಂತು ಕೇಳಿದೆ ತಂಗೀ," ಅಂದ್ಲು ಮೆಲ್ಲಕ. "ಬಾಯಿ ತಗಿಲಿಲ್ಲ. ನಾ ಇಡಬೇಕಂತ ಮಾಡಿದ್ದು ಬ್ಯಾರೇನ ಇತ್ತು."

ಹಂಗಂದು ನನ್ನ ತಲಿ ತನ್ನ ಕಡೆ ಎಳಕೊಂಡು ಕಿವ್ಯಾಗ 'ಕುರ್ರ್' ಅಂದ್ಲು. ಮತ್ತ ಒಂದು ಹೆಸರು ಹೇಳಿದ್ಲು. ಎಷ್ಟು ವರ್ಷ ಬಾಯಾಗ ಇಟಗೊಂಡಿದ್ಲೋ! ಭಾಳ ಚಂದ ಐತ್ರಿ ಆ ಹೆಸರು. ಅದು ನಂದು, ಹೇಳೂದಿಲ್ಲ.

ನನಗ ಏನೂ ಕಾಣಲಿಲ್ಲ, ಕಣ್ಣು ತುಂಬಿದ್ದವು. ಅಷ್ಟ್ರಾಗ ಧಬ್ ಅಂತ ಸಪ್ಪಳಾತು. ಈ ಸಲ ನನ್ನ ಬೆನ್ನಲ್ಲ. ಸಣ್ಣಾಕಿ ತನ್ನ ಪೂರಾ ಶಕ್ತಿ ಹಾಕಿ ಆಯಿ ಬೆನ್ನಿಗೆ ಗುದ್ದಿದ್ಲು. ಎಲ್ಲಾರೂ ಹೌಹಾರಿದ್ರು, ಅವರಪ್ಪ "ಏಯ್!" ಅಂತ ಮುಂದ ಬಂದ.

"ಮತ್ತ? ಕಿವ್ಯಾಗ ಹೆಸರು ಹೇಳಿದವರಿಗೆ ಬೀಳ್ತೈತಲ್ಲ!" ಅಂದ್ಲು ಸಣ್ಣಾಕಿ.

"ಖರೆ ಐತಿ ಬಿಡು," ಅಂದ್ಲು ಅವ್ವ ಕಣ್ಣು ಒರಸ್ಕೋತ, ನಕ್ಕೋತ, ಸೊಂಟ ಹಿಡಕೊಂಡು ಅಕೀಗೆ ಎಟುಕೂವಂಗ ಬೆನ್ನು ಬಗ್ಗಿಸಿದ್ಲು. "ಇನ್ನೊಂದು ಹಾಕ ನನ್ನವ್ವಾ. ಭಾಳ ವರ್ಷದ್ದು ಬಾಕಿ ಐತಿ."